ವ್ಯಸನ ಮತ್ತು ಓಟ

'ವ್ಯಸನ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. 'ವ್ಯಸನಪಡಬೇಡಿ' ಅಂದ್ರೆ ದುಃಖ. 'ಸಪ್ತವ್ಯಸನ' ಅಂದ್ರೆ ಜೂಜು, ಕುಡಿತ ಮೊದಲಾದ ಚಟ. ಇವೆರಡೂ ಒಂದೇ ಮನೆಯಲ್ಲಿ ವಾಸಿಸುತ್ತವೆಂದು ನಾನು ಸಯನ್ನಿನ ನಮ್ಮ ಚಾಳಿನಲ್ಲೇ ಕಲಿತೆ. ಮನಸ್ಸು ಮಂಕಾದ ದಿನವೇ ನಮ್ಮ ಮಾವ ಬಾಟಲಿಗೆ ಕೈಹಾಕುತ್ತಿದ್ದರು.

ಇದಕ್ಕೆ ಓಟ ಮದ್ದಾದೀತೆ? ರಾಹುಲ್ ಜಾಧವ್ ಅವರನ್ನು ನೋಡಿ. ಮುಂಬಯಿಯ ಭೂಗತ ಲೋಕದಲ್ಲಿದ್ದವರು, ಅಮಲಿಗೆ ಬಿದ್ದವರು. ಡಾ. ಸುನಂದಾ ಮತ್ತು ಅನಿಲ್ ಅವಚಟ್ 1986ರಲ್ಲಿ ಪುಣೆಯಲ್ಲಿ ಆರಂಭಿಸಿದ ಮುಕ್ತಾಂಗಣದಲ್ಲಿ ಚಿಕಿತ್ಸೆ ಪಡೆದು, ಓಟಗಾರರಾದರು. 2019ರಲ್ಲಿ ಮುಂಬಯಿಯ ಗೇಟ್‌ವೇಯಿಂದ ದಿಲ್ಲಿಯ ಇಂಡಿಯಾ ಗೇಟ್‌ವರೆಗೆ ಓಡಿದರು! ಅವರ ಕಥೆಯನ್ನು ಪೂಜಾ ಚಂಗೋಯಿವಾಲಾ 2020ರಲ್ಲಿ ಇಂಗ್ಲಿಷ್ ಪುಸ್ತಕವಾಗಿಸಿದ್ದಾರೆ.

ದೂರ ಓಡಿದಾಗ ಸಿಗುವ ಹಿತಕ್ಕೆ ಎಂಡಾರ್ಫಿನ್ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. 2021ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಎಂಡಾರ್ಫಿನ್ ಕೆಲಸಮಾಡದಂತೆ ಔಷಧಿ ಕೊಟ್ಟರೂ ಆ ಹಿತ ಬಂದೇ ಬಂತು. ಹಾಗಾಗಿ, ದೇಹ ತಾನೇ ತಯಾರಿಸುವ, ಗಾಂಜಾದ ಸತ್ವದಂತೆ ಕೆಲಸಮಾಡುವ ಎಂಡೋಕ್ಯಾನಬಿನಾಯ್ಡ್‌ಗಳು ಕಾರಣವಿರಬೇಕು ಎನ್ನುತ್ತಾರೆ.

ಅಂದ್ಮೇಲೆ ಓಟದಲ್ಲೂ ಒಂದು ಅಮಲುಂಟು. ಕಾಲು ನೊಂದರೂ ನಿಲ್ಲಿಸಲಾರದವರಿದ್ದಾರೆ; ಅವರಿಗೆ ಓಟವೇ ಹೊಸ ವ್ಯಸನ. ಜಾಧವ್ ಅವರ ಬದುಕಿನಲ್ಲಿ ಗಮನಿಸಬೇಕಾದದ್ದು ಕ್ರಮ: ಮೊದಲು ಚಿಕಿತ್ಸೆ, ಜತೆಗೆ ಜನ, ಆಮೇಲೆ ಓಟ.

ನಾವೂ ಮಾವನನ್ನು ಮೊದಲು ಡಾಕ್ಟರ ಬಳಿಗೇ ಕರೆದೊಯ್ದೆವು. ಈಗ ಬೆಳಿಗ್ಗೆ ಅವರೂ ನಾನೂ ಸಯನ್ ಕೋಟೆಯ ಗುಡ್ಡ ಹತ್ತುತ್ತೇವೆ. ಕೆಲವು ದಿನ ಅವರು ಹಾಸಿಗೆಯಿಂದಲೇ ಏಳುವುದಿಲ್ಲ. "ಇವತ್ತು ಆಗೋದಿಲ್ಲ ಮಾರಾಯ," ಅನ್ನುತ್ತಾರೆ. ಆ ದಿನ ನಾನೂ ಗುಡ್ಡಕ್ಕೆ ಹೋಗುವುದಿಲ್ಲ. ಚಾ ಮಾಡಿಕೊಂಡು ಅವರ ಪಕ್ಕದಲ್ಲಿ ಕೂರುತ್ತೇನೆ.