ದೇಶವ್ರತವೂ ಮನೆಬಾಗಿಲಿಗೆ ತರಿಸುವ ಆಹಾರವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಈ ಹತ್ತು ದಿನ ಊರಿನ ಸೀಮೆಯನ್ನು ದಾಟುವುದಿಲ್ಲವೆಂದು ಸಾಲೋಟಗಿಯ ಗೃಹಸ್ಥನೊಬ್ಬನು ದೇಶವ್ರತವನ್ನು ಸ್ವೀಕರಿಸಿದನೆಂದು ಭಾವಿಸಬಹುದು. ಮೂರನೆಯ ದಿನ ಮನೆಯಲ್ಲಿ ಬೇಳೆ ತೀರಿತು. ಅವನು ಇಂಡಿಯ ಕಿರಾಣಿ ಅಂಗಡಿಗೆ ದೂರವಾಣಿಯಲ್ಲಿ ಹೇಳಿದನು. ಹುಡುಗನೊಬ್ಬನು ಮೋಟಾರ್ ಸೈಕಲ್ಲಿನ ಮೇಲೆ ತಂದು ಕೊಟ್ಟು, ಸಾಗಾಟದ ಹಣವನ್ನೂ ಪಡೆದು ಹೋದನು. ಗೃಹಸ್ಥನು ಹೊಸ್ತಿಲನ್ನೂ ದಾಟಿಲ್ಲ. ಅವನ ವ್ರತವು ಉಳಿಯಿತೆ?

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದೇಶವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವರು. ಸೀಮೆಯ ಹೊರಗಿನ ವಸ್ತುವನ್ನು ತರಿಸುವುದು ಆನಯನ. ತಾನು ಹೋಗದೆ ಇನ್ನೊಬ್ಬನನ್ನು ಕಳುಹಿಸುವುದು ಪ್ರೇಷ್ಯಪ್ರಯೋಗ. ಹೊರಗಿರುವವನಿಗೆ ಕೆಮ್ಮಿಯೋ ಕೂಗಿಯೋ ಅಭಿಪ್ರಾಯವನ್ನು ತಿಳಿಸುವುದು ಶಬ್ದಾನುಪಾತ. ಕಾಣುವಂತೆ ನಿಂತು ಸನ್ನೆ ಮಾಡುವುದು ರೂಪಾನುಪಾತ. ಕಲ್ಲುಹರಳು ಎಸೆದು ಎಚ್ಚರಿಸುವುದು ಪುದ್ಗಲಕ್ಷೇಪ. ಸಮಂತಭದ್ರಾಚಾರ್ಯರು ಇದೇ ವ್ರತವನ್ನು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಸೇರಿಸಿದರು. ಎಣಿಕೆ ಬೇರೆಯಾಯಿತೇ ಹೊರತು ಅತಿಚಾರಗಳು ಇವೇ. ದೂರವಾಣಿಯಿಲ್ಲದ ಕಾಲದ ಈ ಪಟ್ಟಿಯನ್ನು ಇಂದಿನ ಗೃಹಸ್ಥನ ಮುಂದಿಟ್ಟರೆ, ಒಂದೇ ಕರೆಯಲ್ಲಿ ಮೂರು ಅತಿಚಾರಗಳು ಕೂಡಿಬಂದಿರುವುದು ಕಾಣುತ್ತದೆ.

ಅತಿಚಾರವೆಂದರೆ ವ್ರತಭಂಗವಲ್ಲ, ವ್ರತಕ್ಕೆ ತಗಲಿದ ಮಲಿನತೆ. ಅವನು ಸ್ವತಃ ಸೀಮೆಯನ್ನು ದಾಟಿಲ್ಲವಾದುದರಿಂದ ವ್ರತವು ನಿಂತಿದೆ. ಆಲೋಚನೆ, ಪ್ರತಿಕ್ರಮಣಗಳಿಂದ ಶುದ್ಧಿಯೂ ಉಂಟು. ಆದರೆ ಸೀಮೆಯನ್ನು ಹಾಕಿಕೊಂಡದ್ದು ಕಾಲಿಗೆ ವಿಶ್ರಾಂತಿ ಕೊಡಲಿಕ್ಕಲ್ಲ, ಹೊರಗಿನ ಆರಂಭವನ್ನು ನಿಲ್ಲಿಸಲಿಕ್ಕೆ. ತಾನೇ ಹೋಗಿದ್ದರೆ ನೆಲವನ್ನು ನೋಡಿ ನಡೆಯುವ ಅವಕಾಶವಿತ್ತು. ಅವಸರದಲ್ಲಿ ಗಾಡಿ ಓಡಿಸುವ ಹುಡುಗನಿಂದ ಅದನ್ನು ಹೇಗೆ ಅಪೇಕ್ಷಿಸುವುದು? ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರನ್ನೂ ಆಗಮವು ಲೆಕ್ಕಕ್ಕೆ ಹಿಡಿಯುತ್ತದೆ.

ಇನ್ನು ಹಣದ ಲೆಕ್ಕ. 2014ರಲ್ಲಿ ಬೆಂಗಳೂರಿನಲ್ಲಿ ಸ್ವಿಗ್ಗಿ ಆರಂಭವಾದ ಮೇಲೆ, ನಗರ ಸೇರಿದ ಮಕ್ಕಳ ಮನೆಗಳಲ್ಲಿ ಸಿದ್ಧ ಊಟವನ್ನು ತರಿಸುವುದು ರೂಢಿಯಾಗಿದೆ. 200 ರೂಪಾಯಿಯ ಊಟಕ್ಕೆ ಸಾಗಾಟ 40, ಡಬ್ಬಿ 15, ಕಂಪನಿಯ ಶುಲ್ಕ 10, ತೆರಿಗೆ 10 ಎಂದಿಟ್ಟುಕೊಂಡರೂ 275 ಆಯಿತು. ಈ ಕಂಪನಿ ಶುಲ್ಕವು 2023ರಲ್ಲಿ 2 ರೂಪಾಯಿಯಿಂದ ತೊಡಗಿದ್ದು. 2024ರ ಅಕ್ಟೋಬರ್ ವೇಳೆಗೆ ಜೊಮ್ಯಾಟೊದಲ್ಲಿ 10 ರೂಪಾಯಿಗೆ ಏರಿತ್ತು. ಒಂದು ಹೊತ್ತಿನ ಊಟದ ಮೇಲಿನ ಈ 75 ರೂಪಾಯಿ ಬಡ ಮನೆಯ ರೊಟ್ಟಿಯ ಜೋಳಕ್ಕೆ ಸಲ್ಲುವ ಹಣ.

ಹಣ ಉಳ್ಳವನಿಗೆ ಇದು ಹೊರೆಯಲ್ಲದಿರಬಹುದು. ಆದರೆ ಕೊಟ್ಟ ಹಣಕ್ಕೆ ಅವನು ಪಡೆದುದೇನು? ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3. ಸೋಸಿದ ನೀರಿನದು 48 ಮಿನಿಟು. ಹೋಟೆಲಿನ ಹಿಟ್ಟು ಎಂದು ಬೀಸಿದ್ದು, ನೀರು ಸೋಸಿದ್ದೇ ಎಂಬುದನ್ನು ಯಾವ ಚೀಟಿಯೂ ಹೇಳುವುದಿಲ್ಲ. ‘ಜೈನ್’ ಎಂಬ ಗುರುತು ಈರುಳ್ಳಿ, ಬೆಳ್ಳುಳ್ಳಿ, ಬಹಳವಾದರೆ ಆಲೂಗಡ್ಡೆ ಇಲ್ಲವೆಂಬಷ್ಟನ್ನೇ ಸೂಚಿಸುತ್ತದೆ. 2024ರ ಮಾರ್ಚಿಯಲ್ಲಿ ಜೊಮ್ಯಾಟೊ ಶುದ್ಧ ಸಸ್ಯಾಹಾರಕ್ಕೆ ಬೇರೆ ಸವಾರರನ್ನು ಹಸಿರು ಉಡುಪಿನಲ್ಲಿ ಕಳುಹಿಸಲು ಹೊರಟು, ಮರುದಿನವೇ ಆ ಉಡುಪನ್ನು ಕೈಬಿಟ್ಟಿತು. ತರುವವನ ಅಂಗಿಯ ಬಣ್ಣದಿಂದ ಅಡುಗೆಯ ಶುದ್ಧಿ ನಿರ್ಧಾರವಾಗುವಂತಿದ್ದರೆ ಶ್ರಾವಕಾಚಾರವನ್ನು ಓದುವ ಶ್ರಮವೇ ಇರುತ್ತಿರಲಿಲ್ಲ. ಸೂರ್ಯಾಸ್ತದ ನಂತರ ಬಂದ ಡಬ್ಬಿಯ ವಿಷಯವನ್ನಂತೂ ಚರ್ಚಿಸಬೇಕಾಗಿಲ್ಲ.

ಮುನಿಗಳ ಆಹಾರದ ವಿಷಯದಲ್ಲಿ ಮೂಲಾಚಾರವು ದೂರವನ್ನೇ ಅಳೆದಿದೆ. ಉದ್ಗಮದ ಹದಿನಾರು ದೋಷಗಳಲ್ಲಿ ಅಭಿಘಟವೂ ಒಂದು. ಒಂದೇ ಸಾಲಿನ ಮೂರು ಅಥವಾ ಏಳು ಮನೆಗಳಿಂದ ತಂದ ಆಹಾರವು ಯೋಗ್ಯ; ಬೇರೆ ಕೇರಿಯಿಂದಲೋ ಬೇರೆ ಊರಿನಿಂದಲೋ ತಂದದ್ದು ಅಯೋಗ್ಯ. ಚೌಕಕ್ಕೆ ಬೇಕಾದ ಧಾನ್ಯವನ್ನು ಅಂಗಡಿಯಿಂದ ತರಿಸಿ ಮನೆಯಲ್ಲಿ ಶೋಧಿಸಿ, ಬೀಸಿ, ಅಡುಗೆ ಮಾಡುವುದಕ್ಕೆ ಈ ದೋಷ ತಗಲದು.

ಅನ್ನವನ್ನು ಇತರರು ಒದಗಿಸುವ ಏರ್ಪಾಡು ಸಾಲೋಟಗಿಗೆ ಹೊಸದಲ್ಲವೆಂಬುದನ್ನೂ ನೆನೆಯಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಇಲ್ಲಿಯ ಸ್ತಂಭಶಾಸನವು ಹೊರನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳನ್ನೂ ಭೂಮಿಯನ್ನೂ ಬಿಟ್ಟುದನ್ನು, ಮದುವೆ ಉಪನಯನಗಳಲ್ಲಿ ಊರವರು ಸಲ್ಲಿಸಬೇಕಾದ ಕಾಣಿಕೆಯನ್ನು ತಿಳಿಸುತ್ತದೆ. ಅದು ವೈದಿಕ ಶಾಲೆ. ಆದರೂ ಅಡುಗೆಗೆ ಅನುಕೂಲವಿಲ್ಲದವನಿಗೆ ಊರೇ ಆಧಾರವೆಂಬ ಭಾವನೆ ಅಲ್ಲಿದೆ. ಒಂಟಿಯಾಗಿರುವ ವೃದ್ಧೆಗೆ, ರೋಗಿಗೆ, ಬಾಣಂತಿಯ ಮನೆಗೆ ದಿನಸಿಯು ಬಾಗಿಲಿಗೆ ಬರುವುದಾದರೆ 30 ರೂಪಾಯಿ ಸಾಗಾಟವು ವ್ಯರ್ಥವಲ್ಲ. ನೆರೆಯ ಶ್ರಾವಕನು ತಂದುಕೊಟ್ಟರೆ ಆ 30 ಕೂಡ ಬೇಡ.

ತರುವ ಹುಡುಗನ ಪ್ರಶ್ನೆಯೂ ಉಂಟು. ಅತಿಭಾರಾರೋಪಣ, ಅನ್ನಪಾನನಿರೋಧ ಇವು ಅಹಿಂಸಾಣುವ್ರತದ ಅತಿಚಾರಗಳು. ಅಂಥ ಕೆಲಸಗಾರರ ಕ್ಷೇಮಕ್ಕಾಗಿ ಕರ್ನಾಟಕವು 2025ರಲ್ಲಿ ಕಾಯಿದೆ ಮಾಡಿದೆ. ವೈಶಾಖದ ಬಿಸಿಲಿನಲ್ಲಿ ಬಂದವನಿಗೆ ಒಂದು ತಂಬಿಗೆ ನೀರು ಕೊಡಲು ಕಾಯಿದೆ ಬೇಕಾಗಿಲ್ಲ.

ವ್ರತ ಹಿಡಿಯುವವನು ಚೌತಿಯ ದಿನವೇ ಡಬ್ಬಿಗಳನ್ನು ತೆರೆದು ಹತ್ತು ದಿನದ ಬೇಳೆ, ಜೋಳ, ಎಣ್ಣೆಯನ್ನು ಅಳೆದು ನೋಡಲಿ. ಹಿಟ್ಟನ್ನು ಮಾತ್ರ ಮಳೆಗಾಲದ ಮರ್ಯಾದೆಯಂತೆ ಮೂರು ದಿನಕ್ಕೊಮ್ಮೆ ಬೀಸಲಿ. ಔಷಧಿಗಾಗಿ ಇಂಡಿಗೆ ಹೇಳಿಕಳುಹಿಸುವ ಪ್ರಸಂಗವಿದ್ದರೆ ಸಂಕಲ್ಪದ ಸಮಯದಲ್ಲಿಯೇ ಇಂಡಿಯ ಪೇಟೆಯನ್ನು ಸೀಮೆಯೊಳಗೆ ಸೇರಿಸಿ ನುಡಿಯಲಿ. ಮೂರನೆಯ ದಿನ ಬೇಳೆ ತೀರಿದ ಮೇಲೆ ಸೀಮೆಯನ್ನು ಹಿಗ್ಗಿಸಲು ಬರುವುದಿಲ್ಲ; ಆ ದಿನ ಬೇಳೆಯಿಲ್ಲದೆ ಉಣ್ಣತಕ್ಕದ್ದು.