ಹಣಕಾಸು ಅಕ್ರಮದ ವಿಚಾರಣಾ ಆಯೋಗ: ಬೇಡಿಕೆ ಇಡುವ ಮುನ್ನ ತಿಳಿದಿರಬೇಕಾದದ್ದು

ಸರ್ಕಾರದ ಹಣಕಾಸು ವ್ಯವಹಾರದ ಮೇಲೆ ಶಂಕೆ ಮೂಡಿದಾಗಲೆಲ್ಲ ‘ನ್ಯಾಯಾಂಗ ತನಿಖೆಯಾಗಲಿ’ ಎಂಬ ಮನವಿಗಳು ಸಲ್ಲಿಕೆಯಾಗುತ್ತವೆ. ಆದರೆ 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನೇಮಕವಾಗುವ ಆಯೋಗವು ಸತ್ಯಾಂಶ ಶೋಧಿಸಿ ಶಿಫಾರಸು ಮಾಡಬಲ್ಲದೇ ಹೊರತು ಯಾರನ್ನೂ ಶಿಕ್ಷಿಸಲಾರದೆಂದು ರಾಮಕೃಷ್ಣ ದಾಲ್ಮಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಸ್ಪಷ್ಟಪಡಿಸಿದೆ. ಶಿಕ್ಷೆಯೇ ಗುರಿಯಾಗಿದ್ದರೆ ಪೊಲೀಸ್ ದೂರಿನ ದಾರಿ ಬೇರೆಯೇ ಇದೆ.

ಮೊದಲು ಸಿದ್ಧವಾಗಬೇಕಾದದ್ದು ಪರಿಶೀಲನಾಂಶಗಳು, ಅಂದರೆ ಆಯೋಗ ಉತ್ತರಿಸಬೇಕಾದ ಪ್ರಶ್ನೆಗಳ ಪಟ್ಟಿ. ‘ಇಲಾಖೆಯ ಎಲ್ಲ ಅವ್ಯವಹಾರಗಳು’ ಎಂದು ಬರೆದರೆ ವಿಚಾರಣೆ ದಿಕ್ಕುತಪ್ಪುತ್ತದೆ. ಇಂತಿಂಥ ಕಾಮಗಾರಿಗೆ ಟೆಂಡರ್ ಕರೆಯದೆ, ಸಾರ್ವಜನಿಕ ಖರೀದಿ ಕುರಿತ ರಾಜ್ಯದ ಪಾರದರ್ಶಕತೆ ಕಾಯ್ದೆಯ 4(ಜಿ) ಕಲಮಿನಡಿ ವಿನಾಯಿತಿ ನೀಡಬೇಕೆಂದು ಸೂಚಿಸಿದವರು ಯಾರು, ಕಡತದಲ್ಲಿ ಆರ್ಥಿಕ ಇಲಾಖೆಯ ಅಭಿಪ್ರಾಯ ಏನಿತ್ತು, ಅದನ್ನು ಬದಿಗಿಟ್ಟವರು ಯಾರು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಜೀವ ವಿಮಾ ನಿಗಮವು 1957ರಲ್ಲಿ ಹರಿದಾಸ್ ಮುಂಧ್ರಾ ಕಂಪನಿಗಳ ಷೇರುಗಳನ್ನು ಕೊಂಡ ಒಂದೇ ವ್ಯವಹಾರವನ್ನು ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗವು ಬಹಿರಂಗವಾಗಿ ವಿಚಾರಿಸಿ ಸುಮಾರು ಒಂದು ತಿಂಗಳಲ್ಲಿ ವರದಿ ನೀಡಿತು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರು 1958ರ ಫೆಬ್ರುವರಿಯಲ್ಲಿ ರಾಜೀನಾಮೆ ನೀಡಿದರು. ವ್ಯಾಪ್ತಿ ಕಿರಿದಾಗಿದ್ದುದೇ ಆ ವೇಗಕ್ಕೆ ಮುಖ್ಯ ಕಾರಣವೆನ್ನಬೇಕು.

ಅನಂತರ ಸಾಕ್ಷಿಗಳಿಗಿಂತ ಮೊದಲು ಕಡತಗಳನ್ನು ತರಿಸಿಕೊಳ್ಳಬೇಕು. ಸಿವಿಲ್ ನ್ಯಾಯಾಲಯದಂತೆ ಸಮನ್ಸ್ ಹೊರಡಿಸಿ ದಾಖಲೆಗಳನ್ನು ತರಿಸುವ ಅಧಿಕಾರ ವಿಚಾರಣಾ ಆಯೋಗಗಳ ಕಾಯ್ದೆಯ 4ನೇ ಕಲಮಿನಲ್ಲಿದೆ. 5ಎ ಕಲಮಿನಡಿ ತನಿಖಾಧಿಕಾರಿಗಳ ನೆರವನ್ನೂ ಪಡೆಯಬಹುದು. ಆದರೆ ವಿಚಾರಣೆಗೊಳಗಾದ ಇಲಾಖೆಯ ಲೆಕ್ಕಾಧಿಕಾರಿಗಳನ್ನೇ ನೆರವಿಗೆ ನಿಯೋಜಿಸಿಕೊಳ್ಳುವುದು ಸಲ್ಲದು.

ಹೆಚ್ಚಿನ ಎಚ್ಚರ ಬೇಕಾಗಿರುವುದು 8ಬಿ ನೋಟಿಸಿನಲ್ಲಿ. ಯಾವುದೇ ವ್ಯಕ್ತಿಯ ನಡತೆಯನ್ನು ವಿಚಾರಿಸುವುದು ಅಗತ್ಯವೆನಿಸಿದರೆ, ಅಥವಾ ಆತನ ಖ್ಯಾತಿಗೆ ಧಕ್ಕೆ ತಗಲುವ ಸಂಭವ ಕಂಡುಬಂದರೆ, ಆತನ ಮಾತನ್ನು ಆಲಿಸಿ ಆತನ ಸಾಕ್ಷ್ಯಕ್ಕೂ ಅವಕಾಶ ಕೊಡಲೇಬೇಕೆಂದು ಈ ಕಲಮು ವಿಧಿಸುತ್ತದೆ. ಪಾಟೀಸವಾಲು ನಡೆಸುವ ಮತ್ತು ವಕೀಲರನ್ನು ಇಟ್ಟುಕೊಳ್ಳುವ ಹಕ್ಕು 8ಸಿ ಕಲಮಿನಲ್ಲಿದೆ. ಸಾಕ್ಷಿಯಾಗಿ ಕರೆಸಿದ್ದೇ ಸಾಕೆಂಬ ಭಾವನೆ ತಪ್ಪು, ಏಕೆಂದರೆ ಸಾಕ್ಷಿಯಾಗಿ ಬಂದವನಿಗೆ ತನ್ನ ಮೇಲಿನ ಆಕ್ಷೇಪ ಯಾವುದೆಂಬುದೇ ತಿಳಿದಿರುವುದಿಲ್ಲ. ಭಾಗಲ್ಪುರ ಗಲಭೆ ಕುರಿತ ಆಯೋಗದ ವರದಿಯಲ್ಲಿ ಎಲ್.ಕೆ. ಆಡ್ವಾಣಿ ಅವರ ವಿರುದ್ಧ ಇದ್ದ ಮಾತುಗಳು 8ಬಿ ಅವಕಾಶ ನೀಡದ ಕಾರಣಕ್ಕೆ 2003ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಹಣಕಾಸು ವಿಚಾರಣೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಂದು ಬಿಲ್ಲಿಗೆ ಹಲವು ಸಹಿಗಳಿರುತ್ತವೆ, ವರದಿ ಬರೆಯುವಾಗ ಮಾತ್ರ ಒಂದು ಸಹಿ ನಿರ್ಣಾಯಕವೆಂದು ಕಾಣುತ್ತದೆ, ಆ ಹೊತ್ತಿಗೆ ಸಾಕ್ಷ್ಯ ಮುಗಿದಿರುತ್ತದೆ. ಆದ್ದರಿಂದ ಕಡತ ಓದುವಾಗಲೇ ಪ್ರತಿ ಸಹಿದಾರನ ಹೆಸರು, ಆತ ತೆಗೆದುಕೊಂಡ ತೀರ್ಮಾನ ಮತ್ತು ನೋಟಿಸ್ ತಲುಪಿದ ದಿನಾಂಕವನ್ನು ಪಟ್ಟಿ ಮಾಡುತ್ತ ಹೋಗಬೇಕು; ಕರಡು ವರದಿಯಲ್ಲಿ ಪಟ್ಟಿಯಾಚೆಯ ಹೆಸರು ಬಂದರೆ ವಿಳಂಬವಾದರೂ ಸರಿ, ನೋಟಿಸ್ ಹೊರಡಲೇಬೇಕು.

ಆಯೋಗದ ಮುಂದೆ ನೀಡಿದ ಹೇಳಿಕೆಯನ್ನು, ಸುಳ್ಳು ಸಾಕ್ಷ್ಯದ ಮೊಕದ್ದಮೆಯ ಹೊರತು, ಹೇಳಿದವನ ವಿರುದ್ಧ ಬಳಸುವಂತಿಲ್ಲ (6ನೇ ಕಲಮು). ಹಾಗಾಗಿ ಮೂಲ ದಾಖಲೆಗಳನ್ನು ಅನುಬಂಧದಲ್ಲಿ ಕ್ರಮವಾಗಿ ಪಟ್ಟಿ ಮಾಡಿಟ್ಟರೆ ಮುಂದಿನ ತನಿಖೆಗೆ ನೆರವಾಗುತ್ತದೆ. ವರದಿಯನ್ನು ಕೈಗೊಂಡ ಕ್ರಮದ ವಿವರಣೆಯೊಂದಿಗೆ ಆರು ತಿಂಗಳೊಳಗೆ ಶಾಸನಸಭೆಯಲ್ಲಿ ಮಂಡಿಸಬೇಕೆಂದು 3(4)ನೇ ಕಲಮು ಹೇಳುತ್ತದೆ. ಈ ಅವಧಿಯ ಎಣಿಕೆ ವರದಿ ಸಲ್ಲಿಕೆಯಿಂದ ಆರಂಭವಾಗುವುದರಿಂದ, ಬೇಡಿಕೆ ಇಟ್ಟವರು ಆ ದಿನಾಂಕವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳಬೇಕು.