ಮನೆಯಲ್ಲಿ ಕರೆಯುವ ಹೆಸರು, ಕಾಗದದ ಹೆಸರು

ಪ್ರಶ್ನೆ: ಮದುವೆಯಾಗಿ ಎಂಟು ತಿಂಗಳಾಯಿತು. ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಮದುವೆಯ ದಿನ ನಮ್ಮ ಪದ್ಧತಿಯಂತೆ ತಟ್ಟೆಯ ಅಕ್ಕಿಯಲ್ಲಿ ಪತಿ ಉಂಗುರದಿಂದ ನನಗೊಂದು ಹೊಸ ಹೆಸರು ಬರೆದರು. ಆಗ ಖುಷಿಯೇ ಆಗಿತ್ತು. ಈಗ ಆಧಾರ್, ಬ್ಯಾಂಕು ಎಲ್ಲದರಲ್ಲೂ ಆ ಹೆಸರನ್ನೇ ಹಾಕಿಸಿ, ಪತಿಯ ಹೆಸರು, ಮನೆತನದ ಹೆಸರು ಸೇರಿಸಿಕೋ ಎಂದು ಅತ್ತೆ ದಿನವೂ ಹೇಳುತ್ತಾರೆ. ಅವರು ಕೆಟ್ಟವರಲ್ಲ. ಪತಿ ‘ನಿನಗೆ ತಿಳಿದಂತೆ ಮಾಡು’ ಎಂದು ಸುಮ್ಮನಾಗುತ್ತಾರೆ. ನನ್ನ ಹೆಸರಿನ ಜೊತೆಗಿರುವುದು ಎರಡು ವರ್ಷದ ಹಿಂದೆ ತೀರಿಹೋದ ಅಪ್ಪನ ಹೆಸರು. ತೆಗೆಸಲು ಮನಸ್ಸು ಬರುತ್ತಿಲ್ಲ. ಇಷ್ಟಕ್ಕೆಲ್ಲ ರಾತ್ರಿ ಅಳು ಬರುತ್ತದೆ. ನಾನು ಹಟಮಾರಿಯೇ?
– ಓದುಗರು, ಧಾರವಾಡ ಜಿಲ್ಲೆ

ಉತ್ತರ: ಖಂಡಿತ ಅಲ್ಲ. ‘ಇಷ್ಟಕ್ಕೆಲ್ಲ’ ಎಂದು ನಿಮ್ಮ ಅಳುವನ್ನು ನೀವೇ ಸಣ್ಣದು ಮಾಡಿಕೊಳ್ಳಬೇಡಿ. ಅಪ್ಪ ಬದುಕಿದ್ದಿದ್ದರೆ ಈ ಮಾತು ಬಹುಶಃ ಇಷ್ಟು ಚುಚ್ಚುತ್ತಿರಲಿಲ್ಲ. ಅವರಿಲ್ಲದ ಮೇಲೆ, ಪ್ರತಿ ಸಹಿಯಲ್ಲೂ ನಿಮ್ಮ ಜೊತೆಗಿರುವುದು ಆ ಹೆಸರೊಂದೇ. ನೀವು ಅತ್ತೆಯ ಮಾತಿಗೆ ಎದುರು ನಿಂತಿಲ್ಲ, ಅಪ್ಪನನ್ನು ಇನ್ನೊಮ್ಮೆ ಕಳೆದುಕೊಳ್ಳಲು ಹೆದರುತ್ತಿದ್ದೀರಿ. ಇದು ಅತ್ತೆಗೆ ಗೊತ್ತಿದೆಯೇ? ಗೊತ್ತಿರಲಾರದು ಎಂದೇ ನನಗನ್ನಿಸುತ್ತದೆ.

ಅವರ ಕಡೆಯಿಂದಲೂ ನೋಡೋಣ. ಅವರಿಗೂ ಹೀಗೆಯೇ ಹೊಸ ಹೆಸರು ಬಂದಿರಬಹುದು, ತವರಿನ ಹೆಸರಿನಿಂದ ಅವರನ್ನು ಕರೆದು ಎಷ್ಟು ವರ್ಷವಾಯಿತೋ. ಬಿಡುವಾದಾಗ ಆ ಹೆಸರು ಏನಿತ್ತು ಎಂದು ಕೇಳಿ. ವಾದ ಗೆಲ್ಲಲು ಬೇಡ, ತಿಳಿಯುವ ಆಸೆಯಿಂದ ಕೇಳಿ. ಆಮೇಲೆ ನಿಮ್ಮ ಮಾತು: “ಅತ್ತಿಯವರ, ನೀವು ಇಟ್ಟ ಹೆಸರಿಲೇ ಮನ್ಯಾಗ ಕರೀರಿ, ನನಗ ಖುಷಿ ಐತಿ. ಕಾಗದದಾಗ ಇಷ್ಟು ಅಪ್ಪನ ಹೆಸರು ಇರ್ಲಿ.”

ಕಾನೂನಿನ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕು ಎನ್ನುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಪಾಸ್‌ಪೋರ್ಟ್ ಕೂಡ ಹಳೆಯ ಹೆಸರಿನಲ್ಲೇ ಇರಬಹುದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಣಿ ಮಾತ್ರ ಮಾಡಿಸಿಟ್ಟುಕೊಳ್ಳಿ. ಹೆಸರು ಬದಲಿಸಿದರೂ ಬಿಟ್ಟರೂ ಆ ಪ್ರಮಾಣಪತ್ರ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಮನೆಯ ಶಾಂತಿಗೆಂದು ಆಧಾರ್ ಒಂದನ್ನು ಬದಲಿಸಿಬಿಡುತ್ತೇನೆ ಎಂದು ಹೊರಡಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ. ಅದು ಬದಲಾದರೆ ಪ್ಯಾನ್, ಬ್ಯಾಂಕ್ ಖಾತೆ, ಪಿಎಫ್, ನರ್ಸಿಂಗ್ ಕೌನ್ಸಿಲ್ ನೋಂದಣಿಯ ಜೊತೆ ತಾಳೆಯಾಗದೆ ಒಂದೊಂದಕ್ಕೂ ಅಲೆಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಂತೂ ಹಳೆಯ ಹೆಸರೇ ಇರುತ್ತದೆ. ಮನೆತನದ ಹೆಸರಷ್ಟೇ ಸೇರಿಸುವುದಾದರೆ ಬಹುತೇಕ ಕಡೆ ಮದುವೆ ಪ್ರಮಾಣಪತ್ರ ಸಾಕು. ನಿಮ್ಮ ಮನೆಯವರು ಕೇಳುತ್ತಿರುವಂತೆ ಹುಟ್ಟುಹೆಸರನ್ನೇ ಬದಲಿಸಲು ಸಾಮಾನ್ಯವಾಗಿ ಅಫಿಡವಿಟ್, ಪತ್ರಿಕಾ ಪ್ರಕಟಣೆ, ರಾಜ್ಯಪತ್ರ ಎಲ್ಲವೂ ಬೇಕು. ಅತ್ತೆಗೆ ಈ ಅಲೆದಾಟದ ಅಂದಾಜು ಇರಲಿಕ್ಕಿಲ್ಲ, ವಿವರಿಸಿ ಹೇಳಿ.

ಇನ್ನು ನಿಮ್ಮ ಪತಿ. ‘ನಿನಗೆ ತಿಳಿದಂತೆ ಮಾಡು’ ಎನ್ನುವುದು ಒಳ್ಳೆಯ ಮಾತೇ. ಆದರೆ ಅಷ್ಟು ಹೇಳಿ ಎದ್ದುಹೋದರೆ ಭಾರವೆಲ್ಲ ನಿಮ್ಮ ಮೇಲೆ ಬೀಳುತ್ತದೆ. (ಇದನ್ನು ಓದುತ್ತಿರುವ ಗಂಡಂದಿರೆಲ್ಲ ದಯವಿಟ್ಟು ಗಮನಿಸಿ.) ಅಪ್ಪನ ವಿಷಯ ಅವರಿಗೆ ಮೊದಲು ಹೇಳಿ. ಅತ್ತೆಯ ಜೊತೆ ಮಾತಾಡುವಾಗ ಪಕ್ಕದಲ್ಲಿ ಕೂತು, ‘ಇದು ನಮ್ಮಿಬ್ಬರ ತೀರ್ಮಾನ’ ಎನ್ನಲು ಕೇಳಿಕೊಳ್ಳಿ. ತಾಯಿಗೆ ಮಗನ ಬಾಯಿಂದ ಕೇಳಿದಾಗ ಅರ್ಧ ಆತಂಕ ಕಡಿಮೆಯಾಗುತ್ತದೆ.

ಮೊದಲ ದಿನವೇ ಅವರು ಒಪ್ಪಲಿಕ್ಕಿಲ್ಲ. ನಾಲ್ಕು ದಿನ ಮುನಿಸು ಇದ್ದೀತು, ಇರಲಿ. ಆದರೆ ಮಾತು ಬೈಗುಳಕ್ಕೆ ತಿರುಗಿದರೆ, ಸಂಬಳ ಕಸಿದುಕೊಂಡರೆ, ಒತ್ತಾಯದಿಂದ ಸಹಿ ಹಾಕಿಸಲು ಹೊರಟರೆ ಆಗ ಪ್ರಶ್ನೆ ಹೆಸರಿನದಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಅಪ್ಪನ ನೆನಪಿನ ಅಳು, ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹೆಸರು ಬದಲಾವಣೆಗೆ ಕೊನೆಯ ದಿನಾಂಕ ಯಾವುದೂ ಇಲ್ಲ. ಐದು ವರ್ಷದ ನಂತರ ನಿಮಗೇ ಬೇಕೆನಿಸಿದರೆ ಆಗಲೂ ಮಾಡಿಸಬಹುದು. ‘ನಾಳೆ ಮಕ್ಕಳಾದರೆ ತೊಂದರೆ’ ಎಂದು ಯಾರಾದರೂ ಹೆದರಿಸಿದರೆ ಹೀಗೆ ಹೇಳಿ: ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರನ್ನು ಆಧಾರ್‌ನಲ್ಲಿ ಇದ್ದಂತೆಯೇ ಬರೆಸಿದರೆ ಆಯಿತು.